ಹೆರನ್ಸ್ ತಂಡದ ಮೂವತ್ತೊಂದನೆಯ ಪುಟ

ಮಿಲ್‌ಸ್ಟೋನ್ ಹೆರನ್ಸ್ ಎಂಬ ಬೇಸ್‌ಬಾಲ್ ತಂಡ ಇಪ್ಪತ್ತೇಳು ಸೀಸನ್ ಆಡಿತು. ಅಷ್ಟರಲ್ಲಿ ನಾಲ್ವರು ಮಾಲೀಕರು ಬದಲಾದರು, ಕೋಚುಗಳು ಬಂದು ಹೋದರು, ಆಟಗಾರರಂತೂ ಬೇಸಿಗೆಗೊಂದು ಹಿಂಡು. ಮೊದಲ ದಿನದಿಂದ ಕೊನೆಯ ವರ್ಷದವರೆಗೂ ಅಲ್ಲೇ ಉಳಿದವನು ಮೈದಾನದ ಉಸ್ತುವಾರಿ ವೃಷಭೇಂದ್ರ ಹೊಸಮನಿ ಒಬ್ಬನೇ. ಕ್ರಿಕೆಟ್ಟಿನಲ್ಲಿ ಪಿಚ್ ಕ್ಯುರೇಟರ್ ಇರುತ್ತಾನಲ್ಲ, ಬೇಸ್‌ಬಾಲಿನಲ್ಲಿ ಇವನದು ಅದೇ ಕೆಲಸ. ಹುಲ್ಲು, ಕೆಂಪುಮಣ್ಣು, ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬ, ಎಲ್ಲ ಅವನ ಕೈಯಲ್ಲಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಓದಿ, ತೊಂಬತ್ತೈದರಲ್ಲಿ ಹುಲ್ಲಿನ ಬಗ್ಗೆ ಓದಲು ನ್ಯೂಜೆರ್ಸಿಗೆ ಬಂದಿದ್ದ. ಹೊರಡುವಾಗ ಸೋದರಮಾವ, "ಹುಲ್ಲು ಬೆಳಸೂದು ಕಲೀಲಿಕ್ಕೆ ಅಮೇರಿಕಾಕ್ಕ ಹೋಗಬೇಕೇನಲೇ? ನಮ್ಮ ಹಿತ್ತಲದಾಗ ತಾನ ಬೆಳೀತದ" ಎಂದು ನಕ್ಕಿದ್ದ. ಜೊತೆಗೆ ಓದಿದವರು ಔಷಧಿ ಕಂಪನಿ, ಕಂಪ್ಯೂಟರು ಎಂದು ದಾರಿ ಬದಲಿಸಿದರು. ಇವನು ಮೂರು ವರ್ಷದ ನಂತರ, ನದಿಯ ಪಕ್ಕದ ತಗ್ಗಿನಲ್ಲಿ ಹೊಸದಾಗಿ ಎದ್ದ ಐದು ಸಾವಿರ ಸೀಟಿನ ಸ್ಟೇಡಿಯಮ್ಮಿಗೆ ಹುಲ್ಲು ಹಾಸಲು ಬಂದವನು ಅಲ್ಲೇ ನಿಂತುಬಿಟ್ಟ. ಸಮರ್‌ಸೆಟ್ಟಿನಲ್ಲಿ ಮನೆ ಮಾಡಿದ. ಹೆಂಡತಿ ರಾಜಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಮಗಳು ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋಗಿ ಆಗಲೇ ಆರು ವರ್ಷವಾಗಿತ್ತು.

ಹೆರನ್ಸ್ ದೊಡ್ಡ ಲೀಗಿನ ತಂಡವಲ್ಲ. ದೊಡ್ಡ ತಂಡಗಳ ನೆರಳಿನಲ್ಲಿರುವ ಮರಿತಂಡವೂ ಅಲ್ಲ. ದೊಡ್ಡವರು ಕೈಬಿಟ್ಟ ಇಪ್ಪತ್ತಮೂರರ ಹುಡುಗರು, ಮೊಣಕೈ ಆಪರೇಷನ್ ಮಾಡಿಸಿಕೊಂಡು ಇನ್ನೊಂದೇ ಸಲ ನೋಡೋಣ ಎಂದು ಬಂದ ಮೂವತ್ತನಾಲ್ಕರ ಪಿಚರುಗಳು, ಇಂಥವರೇ ಅದರ ಬಲ. ಎರಡು ಸಲ ಲೀಗಿನ ಕಪ್ ಗೆದ್ದಿತು. ಎರಡು ಸಲ ನೀರಿನಲ್ಲಿ ಮುಳುಗಿತು. ಮೊದಲನೆಯದು ತೊಂಬತ್ತೊಂಬತ್ತರ ಚಂಡಮಾರುತದಲ್ಲಿ; ಆಗ ಬರೀ ಹುಲ್ಲು ಹೋಯಿತು. ಎರಡನೆಯದು ಇಪ್ಪತ್ತೊಂದರಲ್ಲಿ, ಐಡಾ ಚಂಡಮಾರುತ ಬಂದಾಗ. ಆಗ ಎಫ್ರೇನ್ ಹೋದ.

ಕೊನೆಗೆ ಜನ ಬರುವುದು ಕಡಿಮೆಯಾಗಿ, ಮಾಲೀಕರು ಜಾಗವನ್ನು ಗೋದಾಮು ಕಟ್ಟುವವರಿಗೆ ಮಾರಿದರು. 2025ರ ಸೆಪ್ಟೆಂಬರಿನಲ್ಲಿ ಕೊನೆಯ ಆಟ. ಬಂದವರಿಗೆಲ್ಲ ಕೊಡಲು ತಂಡದ ಚರಿತ್ರೆಯ ಒಂದು ಪುಸ್ತಕ ಮಾಡಬೇಕೆಂದು ಆಫೀಸಿನಲ್ಲಿ ತೀರ್ಮಾನವಾಗಿ, ಆ ಕೆಲಸ ದಿಯಾಳ ಪಾಲಿಗೆ ಬಂತು.

ದಿಯಾ ಮೈಸೂರು ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಫ್ರ್ಯಾಂಕ್ಲಿನ್ ಟೌನ್‌ಶಿಪ್ಪಿನಲ್ಲಿ. ತಂಡದ ಪ್ರಚಾರ ವಿಭಾಗದಲ್ಲಿ ಮೂರು ವರ್ಷದಿಂದ ಇದ್ದಳು. ಜೂನ್ ತಿಂಗಳ ಒಂದು ಬೆಳಿಗ್ಗೆ, ವೃಷಭೇಂದ್ರ ಪಿಚರ್ ದಿಬ್ಬಕ್ಕೆ ನೀರು ಹಿಡಿದಿದ್ದಾಗ, ಕಾಗದದ ಕಟ್ಟು ಹಿಡಿದುಕೊಂಡು ಬಂದಳು.

"ಅಂಕಲ್, ಡ್ರಾಫ್ಟ್ ರೆಡಿ. ನೀವೊಬ್ರೇ ಎಲ್ಲಾ ವರ್ಷ ಇದ್ದಿದ್ದು. ಪ್ಲೀಸ್ ಚೆಕ್ ಮಾಡಿ. ಸ್ಪೆಶಲಿ ಪೇಜ್ ಥರ್ಟಿ ಒನ್."

ಅವನು ಪೈಪು ಕೆಳಗಿಟ್ಟು, ಕೈ ಒರೆಸಿಕೊಂಡು ಆ ಪುಟ ತೆಗೆದ. ಕಂದು ನೀರಿನಲ್ಲಿ ಸ್ಕೋರ್‌ಬೋರ್ಡು ಮಾತ್ರ ತಲೆಯೆತ್ತಿ ನಿಂತ ಫೋಟೋ. ಅದರ ಕೆಳಗೆ ಬರೆದಿತ್ತು: ಹದಿನಾರು ವರ್ಷ ಮೈದಾನದ ಸಿಬ್ಬಂದಿಯಾಗಿದ್ದ ಎಫ್ರೇನ್ ಕೊಲೋನ್, ಆ ಸಂಜೆ ರಜೆಯಲ್ಲಿದ್ದರೂ, ಯಾರೂ ಕೇಳದಿದ್ದರೂ, ಮೈದಾನದ ಮೇಲಿನ ಪ್ರೀತಿಯಿಂದ ತಾವಾಗಿಯೇ ಬಂದು ಯಂತ್ರಗಳನ್ನು ಎತ್ತರಕ್ಕೆ ಸಾಗಿಸಿದರು. ಮರಳುವಾಗ ನೆರೆಗೆ ಸಿಕ್ಕಿ ತೀರಿಕೊಂಡರು.

"ಇಷ್ಟ ಆಯ್ತಾ?" ಎಂದಳು ದಿಯಾ. "ಲಾಯರ್ ರಿಪೋರ್ಟ್‌ನಿಂದ ತಗೊಂಡೆ. ನಾನಾಗ ಇನ್ನೂ ಜಾಯಿನ್ ಆಗಿರ್ಲಿಲ್ಲ."

"ಸರಿ ಅದ" ಎಂದ ವೃಷಭೇಂದ್ರ.

"ಅವ್ರ ಫ್ಯಾಮಿಲಿಗೆ ಒಂದ್ಸಲ ತೋರಿಸ್ಬೇಕು. ಅವ್ರದ್ದೊಂದು ಒಳ್ಳೆ ಫೋಟೋನೂ ಬೇಕು. ನೀವು ಜೊತೆಗೆ ಬರ್ತೀರಾ? ಮರಿಸೋಲ್ ಆಂಟಿ ನೀವಿದ್ರೆ ಮಾತಾಡ್ತಾರೆ."

ಇಲ್ಲ ಅನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ.

ಎಫ್ರೇನ್ ಪೋರ್ಟೊರಿಕೋದವನು. ವೃಷಭೇಂದ್ರನಿಗಿಂತ ಎರಡು ವರ್ಷ ದೊಡ್ಡವನು. ಮಣ್ಣಿನಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ಇವನು ಪಾಠ ಶುರು ಮಾಡಿದರೆ ಸಲಿಕೆಯ ಮೇಲೆ ಗದ್ದವಿಟ್ಟು ಕೇಳಿ, ಕೊನೆಗೆ "ಮುಗೀತಾ ಪ್ರೊಫೆಸರ್? ಈಗ ಅಗೆಯೋಣವಾ?" ಅನ್ನುತ್ತಿದ್ದ. ಆ ಹೆಸರೇ ನಿಂತಿತು. ಹದಿನಾರು ಬೇಸಿಗೆ ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೂತು ಊಟ ಮಾಡಿದ್ದರು. ರಾಜಿ ಕಟ್ಟಿಕೊಡುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಅವನದು. ಅವನ ಹೆಂಡತಿ ಮರಿಸೋಲ್ ಮಾಡಿದ ಬಾಳೆಕಾಯಿಯ ಕರಿದ ಬಿಲ್ಲೆಗಳಲ್ಲಿ ಅರ್ಧ ಇವನದು.

ಐಡಾ ಬಂದದ್ದು ಸೆಪ್ಟೆಂಬರ್ ಒಂದು, ಬುಧವಾರ. ಆಟವನ್ನು ಮಧ್ಯಾಹ್ನವೇ ರದ್ದು ಮಾಡಿದ್ದರು. ಮೈದಾನಕ್ಕೆ ಟಾರ್ಪಾಲು ಹೊದಿಸಿ ಎಲ್ಲರೂ ಮನೆಗೆ ಹೋಗಿದ್ದರು. ಸಂಜೆ ಆರೂವರೆಯ ಹೊತ್ತಿಗೆ ಮಳೆ ಯಾರೂ ನೆನೆಸದಷ್ಟು ಜೋರಾಯಿತು. ಮನೆಯಲ್ಲಿದ್ದ ಎರಡೂ ಫೋನುಗಳು ಒಟ್ಟಿಗೆ ಎಚ್ಚರಿಕೆಯ ಶಬ್ದ ಮಾಡಿದವು. ಆಗ ವೃಷಭೇಂದ್ರನಿಗೆ ನೆನಪಾದದ್ದು ಹುಲ್ಲು ಕತ್ತರಿಸುವ ಹೊಸ ಯಂತ್ರ. ಏಳು ವರ್ಷ ಕೇಳಿ ಕೇಳಿ ಆ ವಸಂತದಲ್ಲಿ ಮಾಲೀಕರಿಂದ ಕೊಡಿಸಿಕೊಂಡದ್ದು. ಅದನ್ನಿಟ್ಟಿದ್ದ ಶೆಡ್ಡು ಮೈದಾನದಲ್ಲೇ ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿತ್ತು.

ಅವನು ಕಾರಿನ ಕೀಲಿ ಕೈಗೆತ್ತಿಕೊಂಡಾಗ ರಾಜಿ ಅಡುಗೆಮನೆಯಿಂದ ಬಂದಳು.

"ಎಲ್ಲಿ ಹೊಂಟೀರಿ ಇಂಥಾ ಮಳ್ಯಾಗ?"

"ಮಷಿನ್ ತಗ್ಗಿನ್ಯಾಗ ಅದ. ಮ್ಯಾಲೆ ಒಯ್ದಿಟ್ಟು ಬರ್ತೇನಿ."

"ಅರ್ಧ ತಾಸಿನ ದಾರಿ ಅದರೀ. ಎಫ್ರೇನ್ ಅಲ್ಲೇ ಐದು ನಿಮಿಷದಾಗ ಅದಾನಲ್ಲ. ಅವಗ ಒಂದು ಫೋನ್ ಮಾಡ್ರಿ, ಮುಗೀತು."

ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಫೋನ್ ಮಾಡಿದ. ಎಫ್ರೇನ್ ಬಾಯಲ್ಲಿ ತುತ್ತಿಟ್ಟುಕೊಂಡೇ ಮಾತಾಡಿದ. "ಸರಿ ಪ್ರೊಫೆಸರ್. ತಟ್ಟೆಯ ಮುಂದೆ ಕೂತಿದ್ದೀನಿ. ತಣ್ಣಗಾಗೋದರೊಳಗೆ ಹೋಗಿ ಬರ್ತೀನಿ." ಅವನು ಹೋದ. ಕತ್ತರಿಸುವ ಯಂತ್ರ, ರೋಲರು ಎರಡನ್ನೂ ಇಳಿಜಾರಿನಲ್ಲಿ ಹತ್ತಿಸಿ ಪ್ರೇಕ್ಷಕರ ಮೊದಲ ಮಹಡಿಯಲ್ಲಿ ನಿಲ್ಲಿಸಿ, ಮೇಲೆ ಹಾಳೆ ಹೊದಿಸಿದ. ಹಿಂದಿರುಗುವಾಗ ರೈಲ್ವೆ ಸೇತುವೆಯ ಕೆಳಗಿನ ರಸ್ತೆಯಲ್ಲಿ ನೀರು ನುಗ್ಗಿತ್ತು. ಮರುದಿನ ಬೆಳಿಗ್ಗೆ ಕಾರು ಒಂದು ಬೇಲಿಗೆ ಒರಗಿಕೊಂಡು ಸಿಕ್ಕಿತು, ಒಳಗೆ ಅವನಿದ್ದ.

ಮೂರನೆಯ ದಿನ ತಂಡದ ಮ್ಯಾನೇಜರು ಮತ್ತು ಒಬ್ಬ ಲಾಯರು ವೃಷಭೇಂದ್ರನನ್ನು ಕೂರಿಸಿಕೊಂಡರು. ಮ್ಯಾನೇಜರು ಅವನ ಹೆಗಲ ಮೇಲೆ ಕೈಯಿಟ್ಟಿದ್ದರು. ಲಾಯರು ಬಹಳ ಮೆದುವಾಗಿ ಕೇಳಿದ, "ಅವರು ತಾವಾಗಿಯೇ ಹೋಗಿದ್ದರು, ಅಲ್ಲವೇ?"

ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು; ಕೆಲಸದ ಮೇಲೆ ಕಳಿಸಿದ್ದೆಂದಾದರೆ ತಂಡ ಪರಿಹಾರ ಕೊಡಬೇಕಾಗುತ್ತಿತ್ತು. ಎರಡು ರಾತ್ರಿ ನಿದ್ದೆಯಿಲ್ಲದ ವೃಷಭೇಂದ್ರ ತಲೆಯಾಡಿಸಿದ. ಬಾಯಿಂದ ಒಂದು ಮಾತೂ ಆಡಲಿಲ್ಲ, ತಲೆಯನ್ನಷ್ಟೇ ಆಡಿಸಿದ. ಲಾಯರು ಬರೆದುಕೊಂಡ. ಅಪಘಾತವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಯಾರ ಫೋನನ್ನೂ ನೋಡಲಿಲ್ಲ. ಅಂತ್ಯಕ್ರಿಯೆಯಲ್ಲಿ ವೃಷಭೇಂದ್ರ ಎದ್ದು ನಿಂತು ಎಫ್ರೇನನ ಬಗ್ಗೆ ನಾಲ್ಕು ಮಾತಾಡಿದ. ನೀರಿಳಿದ ಮೇಲೆ ಮೈದಾನವನ್ನು ಹೊಸದಾಗಿ ಕಟ್ಟಿದ. ಉಳಿದುಕೊಂಡಿದ್ದ ಆ ಯಂತ್ರವನ್ನೇ ನಾಲ್ಕು ವರ್ಷ ನಡೆಸಿದ.

ಮರಿಸೋಲಳ ಮನೆಯಿದ್ದ ಬೀದಿಯಲ್ಲಿ ಅರ್ಧದಷ್ಟು ಮನೆಗಳು ಖಾಲಿಯಾಗಿದ್ದವು. ನೆರೆಗೆ ಸಿಕ್ಕುವ ಮನೆಗಳನ್ನು ಸರ್ಕಾರ ಕೊಂಡು ಕೆಡವುತ್ತಿತ್ತು. ಅವಳ ಮನೆಯ ಅರ್ಜಿಯೂ ಮಂಜೂರಾಗಿದೆಯೆಂದೂ ಚಳಿಗಾಲದೊಳಗೆ ಪೆನ್ಸಿಲ್ವೇನಿಯಾದಲ್ಲಿರುವ ತಂಗಿಯ ಹತ್ತಿರ ಹೋಗುವುದೆಂದೂ ಬಾಗಿಲಲ್ಲೇ ಹೇಳಿದಳು. ಇಬ್ಬರಿಗೂ ಕಾಫಿ ಕೊಟ್ಟಳು. ವೃಷಭೇಂದ್ರನ ಬೆನ್ನುನೋವು ಹೇಗಿದೆ ಎಂದು ವಿಚಾರಿಸಿದಳು. ಆಮೇಲೆ ಕನ್ನಡಕ ಹಾಕಿಕೊಂಡು ದಿಯಾ ಕೊಟ್ಟ ಪುಟವನ್ನು ಓದಿದಳು. ಓದಿ ಮುಗಿಸಿ ಮೇಜಿನ ಮೇಲಿಟ್ಟಳು.

"ಪ್ರೀತಿ ಅಂತ ಬರೆದಿದ್ದೀಯ."

"ಬೇರೆ ಪದ ಹಾಕಲಾ ಆಂಟಿ?" ದಿಯಾ ಗಾಬರಿಯಾದಳು.

"ಬೇಡ. ಸರಿಯಾಗಿದೆ. ಆ ಹುಲ್ಲಿನ ಮೇಲೆ ಅವನಿಗೆ ಪ್ರೀತಿಯಿತ್ತು." ಅವಳ ದನಿ ಏರಲಿಲ್ಲ. "ನಾನು ಕೆಳಗೆ ನೆಲಮಾಳಿಗೆಯಲ್ಲಿದ್ದೆ. ನೀರು ಒಸರೋದಕ್ಕೆ ಶುರುವಾಗಿತ್ತು, ಪೆಟ್ಟಿಗೆಗಳನ್ನು ಹೊರುತ್ತಿದ್ದೆ. ಊಟ ಮುಗಿಸಿ ಬಾ, ಕೈಜೋಡಿಸು ಅಂದಿದ್ದೆ. ಮೆಟ್ಟಿಲ ಮೇಲಿಂದ ಕೂಗಿದ, ಫೀಲ್ಡಿಗೆ ಹೋಗಿ ಬರ್ತೀನಿ ಅಂತ. ಬೇಡ ಎಫ್ರೇನ್, ನನ್ನೊಬ್ಬಳನ್ನೇ ಬಿಟ್ಟು ಹೋಗಬೇಡ ಅಂತ ಕಿರುಚಿದೆ. ಬಾಗಿಲು ಹಾಕಿಕೊಂಡ ಸದ್ದಾಯ್ತು."

ದಿಯಾ ಪೆನ್ನು ಕೆಳಗಿಟ್ಟಳು.

"ಯಾರೂ ಕೇಳದಿದ್ದರೂ ಅಂತಲೂ ಬರೆದಿದ್ದೀಯಲ್ಲ, ಅದು ಚೆನ್ನಾಗಿದೆ. ಹೆಂಡತಿ ಬೇಡ ಅಂದಿದ್ದಳು, ಅದನ್ನೂ ಸೇರಿಸು. ಮೊದಲ ವರ್ಷ ಪ್ರತಿ ಭಾನುವಾರ ಸಮಾಧಿಗೆ ಹೋಗುತ್ತಿದ್ದೆ. ಹೋಗಿ ಬೈಯುತ್ತಿದ್ದೆ. ಒಂದು ದಿನ ಮಗಳು, ಬೈಯೋದಕ್ಕೆ ಅಲ್ಲಿಗ್ಯಾಕೆ ಹೋಗಬೇಕಮ್ಮಾ ಅಂದಳು. ಆಮೇಲೆ ಹೋಗಿಲ್ಲ." ಅವಳು ಎದ್ದು ಕಪ್ಪುಗಳನ್ನು ತೆಗೆದುಕೊಂಡಳು. "ಫೋಟೋ ನನ್ನ ಹತ್ತಿರ ಇಲ್ಲ. ಎಲ್ಲ ಒಂದು ಪೆಟ್ಟಿಗೆಗೆ ಹಾಕಿ ಮಗಳಿಗೆ ಕೊಟ್ಟಿದ್ದೀನಿ."

ವೃಷಭೇಂದ್ರ ಇಡೀ ಹೊತ್ತು ಕಾಫಿ ಕಪ್ಪಿನ ಹಿಡಿಯನ್ನು ಹಿಡಿದುಕೊಂಡೇ ಕೂತಿದ್ದ, ಕುಡಿದಿರಲಿಲ್ಲ. ತನ್ನ ಸುಳ್ಳು ಎಫ್ರೇನನ ಸಾವಿನ ಕಾರಣವನ್ನಷ್ಟೇ ಮುಚ್ಚಿಟ್ಟಿದೆ ಎಂದು ಅವನು ಇಲ್ಲಿಯವರೆಗೆ ಅಂದುಕೊಂಡಿದ್ದ. ಅದು ಈ ಮನೆಯೊಳಗೆ ಬಂದು, ಸತ್ತವನನ್ನು ಹೆಂಡತಿಯ ಕಣ್ಣಲ್ಲಿ ನಾಲ್ಕು ವರ್ಷದಿಂದ ತಪ್ಪಿತಸ್ಥನನ್ನಾಗಿ ನಿಲ್ಲಿಸಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಎಫ್ರೇನ್ ಹುಲ್ಲಿಗಾಗಿ ಹೋಗಿರಲಿಲ್ಲ. ಕರೆದವನು ಗೆಳೆಯ ಎಂದು ಹೋಗಿದ್ದ.

ಕಾರಿನಲ್ಲಿ ದಿಯಾ ಕಣ್ಣೊರೆಸಿಕೊಳ್ಳುತ್ತ, "ದಟ್ ವಾಸ್ ಸೋ ಹಾರ್ಡ್, ಅಂಕಲ್" ಎಂದಳು. ಅವನು ಅವಳನ್ನು ಸ್ಟೇಡಿಯಮ್ಮಿನಲ್ಲಿ ಇಳಿಸಿ ಮನೆಗೆ ಹೋದ.

ಮೂರು ವಾರ ಅವನು ಯಾರಿಗೂ ಏನೂ ಹೇಳಲಿಲ್ಲ. ಆಟಗಳಿದ್ದವು, ಬಿಸಿಲಿಗೆ ಹುಲ್ಲು ಸುಡುತ್ತಿತ್ತು, ಕೆಲಸ ಬೇಕಾದಷ್ಟಿತ್ತು. ಆದರೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ರಾಜಿ ಬಡಿಸಿದ ತಟ್ಟೆಯನ್ನು ಅವನು ಪಕ್ಕಕ್ಕೆ ಸರಿಸಿದಾಗ ಅವಳು ಎದುರಿಗೆ ಕೂತಳು.

"ಏನಾಗೇದ? ಬಾಯಿ ಬಿಟ್ಟು ಹೇಳ್ರಿ."

"ಮರಿಸೋಲಗ ಹೇಳಬೇಕು. ಫೋನ್ ಮಾಡಿದ್ದು ನಾನು ಅಂತ."

ರಾಜಿ ಮೇಜಿನ ಮೇಲಿದ್ದ ಮಜ್ಜಿಗೆಯ ಪಾತ್ರೆಗೆ ಮುಚ್ಚಳ ಮುಚ್ಚಿದಳು. ನಾಲ್ಕು ವರ್ಷದಲ್ಲಿ ಅವರಿಬ್ಬರ ನಡುವೆ ಆ ಫೋನಿನ ಮಾತು ಬಂದದ್ದು ಇದೇ ಮೊದಲು. ಇಬ್ಬರೂ ಅದರ ಸುತ್ತ ಕಾಲು ತಾಗದಂತೆ ನಡೆದುಕೊಂಡು ಬಂದಿದ್ದರು.

"ಈಗ ಹೇಳಿದ್ರ ಏನು ಬಂತು? ಅಂವಾ ಎದ್ದು ಬರ್ತಾನ?"

"ಆಕಿ ಅವನ ಮ್ಯಾಲೆ ಸಿಟ್ಟಾಗ್ಯಾಳ ರಾಜಿ. ತನ್ನ ಬಿಟ್ಟು ಹುಲ್ಲಿನ ಸಲುವಾಗಿ ಹೋದ ಅಂತ ತಿಳಕೊಂಡಾಳ. ಸಮಾಧಿಗೂ ಹೋಗೂದಿಲ್ಲಂತ."

ರಾಜಿ ಕುರ್ತಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು.

"ಹೇಳ್ರಿ ಹಂಗಾದ್ರ" ಎಂದಳು ಕೊನೆಗೆ. "ಆದ್ರ ನನ್ನ ಹೆಸರು ತೆಗೀಬ್ಯಾಡ್ರಿ. ನಾ ಹಂಗಂದೆ ಅಂತ ಆಕೀಗೆ ಗೊತ್ತಾಗೂದು ಬ್ಯಾಡ. ನಂಗ ಆಕಿ ಮಾರಿ ನೋಡ್ಲಿಕ್ಕೆ ಆಗೂದಿಲ್ಲ."

"ನಿನ್ನ ಹೆಸರು ಯಾಕ ಬರ್ತದ? ಕೈಯಾಗ ಫೋನ್ ಹಿಡದಾಂವ ನಾನು."

ಮರುದಿನ ಸಂಜೆ ಅವನೊಬ್ಬನೇ ಹೋದ. ಈ ಸಲ ಕಾಫಿ ಬೇಡವೆಂದ. ಕೂರದೆ, ಬಾಗಿಲ ಹತ್ತಿರವೇ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಹೇಳಿದ. ಫೋನ್ ಮಾಡಿದ್ದು ನಾನು. ಮಷಿನನ್ನು ಮೇಲಿಡು ಎಂದು ಹೇಳಿದ್ದು ನಾನು. ಆಮೇಲೆ ಲಾಯರು ಕೇಳಿದಾಗ ಸುಳ್ಳಿಗೆ ತಲೆಯಾಡಿಸಿದ್ದೂ ನಾನೇ.

ಮರಿಸೋಲ್ ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲಿಟ್ಟುಕೊಂಡೇ ಕೇಳಿದಳು.

"ನೀನು ಕರೆದೆಯಾ?"

"ಹೌದು."

"ಫೋನಿನಲ್ಲಿ ಅವನು ಏನಂದ?"

"ತಟ್ಟೆಯ ಮುಂದೆ ಕೂತಿದ್ದೀನಿ, ತಣ್ಣಗಾಗೋದರೊಳಗೆ ಬರ್ತೀನಿ ಅಂದ."

ಅವಳು ಹಿಂದೆ ಸರಿದು ಕುರ್ಚಿಯಲ್ಲಿ ಕುಸಿದಳು. ಅತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

"ನಾಲ್ಕು ವರ್ಷ," ಎಂದಳು. "ನಾಲ್ಕು ವರ್ಷ ಅವನಿಗೆ ಬೈದಿದ್ದೀನಿ. ಮಕ್ಕಳ ಮುಂದೆ ಬೈದಿದ್ದೀನಿ. ನಿಮ್ಮಪ್ಪನಿಗೆ ನಾವು ಬೇಕಿರಲಿಲ್ಲ ಅಂತ ಹೇಳಿದ್ದೀನಿ. ನೀನು ಅವನ ಶವಪೆಟ್ಟಿಗೆಯ ಪಕ್ಕ ನಿಂತು ಭಾಷಣ ಮಾಡಿದೆ. ನಾನು ನಿನ್ನ ಕೈ ಹಿಡಿದುಕೊಂಡಿದ್ದೆ."

"ಮರಿಸೋಲ್..."

"ಮಳೆಯಲ್ಲಿ ಕರೆದದ್ದನ್ನು ಕ್ಷಮಿಸಬಹುದಿತ್ತು. ಯಾರಾದರೂ ಕರೆಯುತ್ತಿದ್ದರು. ಅವನೂ ನಿನ್ನನ್ನು ಕರೆಯುತ್ತಿದ್ದನೇನೋ." ಅವಳು ಬಟ್ಟೆಯನ್ನು ಮತ್ತೆ ಬಿಡಿಸಿ ಮಡಚತೊಡಗಿದಳು. "ಈ ಸುಳ್ಳನ್ನು ಕ್ಷಮಿಸೋದು ನನ್ನಿಂದ ಆಗೋದಿಲ್ಲ. ಹೋಗು."

ಅವನು ಹೋದ. ಮೆಟ್ಟಿಲಿಳಿಯುವಾಗ ಒಳಗಿನಿಂದ ಒಂದು ಸದ್ದು ಬಂತು. ಅಳುವೋ ಬೇರೇನೋ ಎಂದು ನಿಂತು ಕೇಳುವ ಧೈರ್ಯ ಅವನಿಗಿರಲಿಲ್ಲ.

ಆ ವಾರವೇ ಅವನು ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟ. ಇಪ್ಪತ್ತೊಂದರಲ್ಲಿ ಹೆಗಲ ಮೇಲೆ ಕೈಯಿಟ್ಟ ಮನುಷ್ಯನೇ ಆತ. ಓದುತ್ತ ಓದುತ್ತ ಆತನ ಮುಖ ಬಿಗಿಯಿತು.

"ಇದನ್ನು ಈಗ ಯಾಕೆ ತಂದಿದ್ದೀಯ?"

"ಪುಸ್ತಕದಲ್ಲಿ ತಪ್ಪು ಅಚ್ಚಾಗುತ್ತಿದೆ. ತಿದ್ದಬೇಕು. ಅವನು ಕೆಲಸದ ಮೇಲೆ ಹೋಗಿದ್ದ, ನಾನು ಕಳಿಸಿದ್ದೆ ಅಂತ ಬರೆಯಿರಿ."

"ಲಾಯರಿಗೆ ಕಳಿಸ್ತೀನಿ" ಎಂದಷ್ಟೇ ಹೇಳಿದ ಮ್ಯಾನೇಜರು.

ಹತ್ತು ದಿನದ ನಂತರ ದಿಯಾ ಶೆಡ್ಡಿನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಂಕಲ್, ಅವ್ರು ಪೇಜ್ ಥರ್ಟಿ ಒನ್ ಚೇಂಜ್ ಮಾಡಿದ್ರು."

"ಏನಂತ ಬರದಾರ?"

"ಏನೂ ಇಲ್ಲ. ಆ ಪ್ಯಾರಾನೇ ತೆಗೆಸಿದ್ರು. ಜಸ್ಟ್ ಫ್ಲಡ್ ಫೋಟೋ ಇರತ್ತೆ. ಎಷ್ಟು ಲಕ್ಷ ಗ್ಯಾಲನ್ ನೀರು ಪಂಪ್ ಮಾಡಿದ್ವಿ, ಅದಷ್ಟೇ." ಅವಳು ತಲೆ ತಗ್ಗಿಸಿದಳು. "ಸ್ಟಾಫ್ ಲಿಸ್ಟ್‌ನಿಂದಾನೂ ಹೆಸ್ರು ತೆಗೆಸಿದ್ರು. ಲಾಯರ್ ಹೇಳಿದ್ರಂತೆ, ಮೆನ್ಷನ್ ಮಾಡ್ಲೇಬಾರ್ದು ಅಂತ. ಐ ಫಾಟ್ ವಿತ್ ದೆಮ್. ರಿಯಲಿ. ಬಟ್ ನಂದೂ ಲಾಸ್ಟ್ ಮಂತ್. ರೆಫರೆನ್ಸ್ ಬೇಕು ನಂಗೆ."

ವೃಷಭೇಂದ್ರ ಮಣ್ಣಿನ ಚೀಲದ ಮೇಲೆ ಕೂತ. ಸುಳ್ಳಾದರೂ ಎಫ್ರೇನ್ ಆ ಪುಟದಲ್ಲಿ ಇದ್ದ. ನಿಜ ಹೇಳಿದ್ದರಿಂದ ಅಲ್ಲಿಂದಲೂ ಹೋದ. ಹದಿನಾರು ವರ್ಷ ಸಲಿಕೆ ಹಿಡಿದವನು ಹೆರನ್ಸ್ ತಂಡದ ಚರಿತ್ರೆಯಲ್ಲಿ ಎಲ್ಲೂ ಇಲ್ಲ.

"ಮತ್ತೆ... ಲಾಸ್ಟ್ ಗೇಮ್ ದಿನ ನಿಮಗೆ ಸನ್ಮಾನ ಇತ್ತಲ್ಲ" ಎಂದಳು ದಿಯಾ. "ಅದನ್ನೂ ಕ್ಯಾನ್ಸಲ್ ಮಾಡಿದಾರೆ. ಸಾರಿ ಅಂಕಲ್."

"ಅದು ಇರಲಿ ಬಿಡವ್ವ" ಎಂದ ಅವನು.

ಕಾರ್ಮಿಕರ ಇಲಾಖೆಗೂ ಅವನು ಅದೇ ಹಾಳೆಯ ಪ್ರತಿ ಕಳಿಸಿದ್ದ. ಇಂಥ ಸಾವಿನ ಬಗ್ಗೆ ಕುಟುಂಬದವರು ಪರಿಹಾರಕ್ಕೆ ಅರ್ಜಿ ಹಾಕಲು ಎರಡು ವರ್ಷದ ಗಡುವಿತ್ತು, ಅದು ಮುಗಿದುಹೋಗಿದೆ ಎಂದು ಉತ್ತರ ಬಂತು. ಆ ಕಾಗದವನ್ನು ಅವನು ಮಡಚಿ ಡ್ರಾಯರಿಗೆ ಹಾಕಿದ. ಮರಿಸೋಲಳಿಗೆ ಅದನ್ನು ಹೇಳಲು ಹೋಗಲಿಲ್ಲ.

ಕೊನೆಯ ಆಟದ ದಿನ ಆಕಾಶ ತಿಳಿಯಾಗಿತ್ತು. ಬೆಳಿಗ್ಗೆ ಐದಕ್ಕೇ ಹೋಗಿ ಅವನು ಹುಲ್ಲು ಕತ್ತರಿಸಿದ, ದಿಬ್ಬ ಸರಿಮಾಡಿದ, ಬಿಳಿ ಗೆರೆಗಳನ್ನು ಎಳೆದ. ಇಪ್ಪತ್ತೇಳು ಸೀಸನ್ನಿನಲ್ಲಿ ಯಾವ ದಿನ ಮಾಡಿದ್ದಕ್ಕಿಂತಲೂ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಂಜೆ ಸಾವಿರದ ಇನ್ನೂರು ಜನ ಬಂದರು. ಹಳೆಯ ಆಟಗಾರರು ಹೊಟ್ಟೆ ಮುಂದೆ ಬಿಟ್ಟುಕೊಂಡು ಬಂದು ಕೈಬೀಸಿದರು. ಬಾಗಿಲಲ್ಲಿ ಎಲ್ಲರ ಕೈಗೂ ಪುಸ್ತಕ ಕೊಟ್ಟರು. ವೃಷಭೇಂದ್ರ ಟಾರ್ಪಾಲಿನ ಸುರುಳಿಯ ಪಕ್ಕ, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತಿದ್ದ. ಹೆರನ್ಸ್ ಎದುರಾಳಿಯ ಹನ್ನೊಂದು ರನ್ನಿಗೆ ಎರಡೇ ರನ್ನು ಮಾಡಿ ಸೋತಿತು. ಆಟ ಮುಗಿದ ಮೇಲೆ ಜನ ಬೇಲಿ ದಾಟಿ ಒಳಗೆ ಬಂದು, ನೆನಪಿಗೆಂದು ಹುಲ್ಲನ್ನು ಹಿಡಿ ಹಿಡಿಯಾಗಿ ಕಿತ್ತುಕೊಂಡು, ಪ್ಲಾಸ್ಟಿಕ್ ಲೋಟಗಳಲ್ಲಿ ಕೆಂಪುಮಣ್ಣು ತುಂಬಿಕೊಂಡು ಹೋದರು. ತಡೆಯಬೇಕೆಂದು ಯಾರೂ ಅವನಿಗೆ ಹೇಳಲಿಲ್ಲ. ಅವನೂ ತಡೆಯಲಿಲ್ಲ.

ಅಕ್ಟೋಬರಿನಲ್ಲಿ ಬುಲ್ಡೋಜರುಗಳು ಬಂದವು. ಮುಂದಿನ ಮಾರ್ಚಿನಿಂದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಅವನಿಗೆ ಕೆಲಸ ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಮನೆಯಲ್ಲೇ ಇದ್ದ. ಆ ದಿನಗಳಲ್ಲಿ ರಾಜಿ ದಿನೇದಿನೇ ಮೌನಿಯಾದಳು. ಲ್ಯಾಬಿನಿಂದ ಬಂದು ಕೋಟು ಕೂಡ ತೆಗೆಯದೆ ಸೋಫಾದಲ್ಲಿ ಕೂತಿರುತ್ತಿದ್ದಳು. ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಕಿರಾಣಿ ಸಾಮಾನು ಕೊಂಡು ಅಂಗಡಿಯ ಪಾರ್ಕಿಂಗಿಗೆ ಬಂದು ಕಾರಿನಲ್ಲಿ ಕೂತಾಗ, ಅವನು ಕಾರು ಶುರು ಮಾಡುವ ಮೊದಲೇ ಅವನ ತೋಳು ಹಿಡಿದಳು.

"ನನ್ನ ಹೆಸರು ಯಾಕ ಹೇಳ್ಲಿಲ್ಲ ನೀವು?"

"ನೀನ ಬ್ಯಾಡ ಅಂದಿದ್ದಿ."

"ಅಂದಿದ್ದೆ. ನಿಮ್ಮದು ನೀವು ಇಳಿಸಿ ಬಂದ್ರಿ. ನಂದು ನನ್ನ ಎದಿ ಮ್ಯಾಲೆ ಹಂಗ ಕುಂತದ. ನೀವು ಹೊಂಟಿದ್ರಿ ಅವತ್ತು, ಕೀಲಿ ಕೈಯಾಗಿತ್ತು. ಅವನ್ನ ಕರೀರಿ ಅಂದಾಕಿ ನಾನು. ನಿಮ್ಮನ್ನ ಉಳಿಸ್ಕೊಂಡು ಆಕಿ ಗಂಡನ್ನ ಕಳಿಸಿದೆ."

"ಹಂಗನ್ನಬ್ಯಾಡ ರಾಜಿ."

"ಮತ್ತ ಹೆಂಗ ಅನ್ನಬೇಕು? ನಂಬರ್ ಹಚ್ಚಿಕೊಡ್ರಿ. ಈಗ ಹಚ್ಚಿಕೊಡ್ರಿ. ಮನೀಗೆ ಹೋದ ಮ್ಯಾಲೆ ನಂಗ ಧೈರ್ಯ ಸಾಲೂದಿಲ್ಲ."

ಮರಿಸೋಲ್ ಆಗಲೇ ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದಳು. ನಂಬರು ಹಳೆಯದೇ ಇತ್ತು. ಅವನು ಹಚ್ಚಿಕೊಟ್ಟ. ಕಾರಿನ ಸ್ಪೀಕರಿನಲ್ಲಿ ರಿಂಗು ಐದಾರು ಸಲ ಹೋಯಿತು. ಆಮೇಲೆ ಮರಿಸೋಲಳ ದನಿ ಬಂತು, ಯಾರು ಎಂದು.

ರಾಜಿ ತನ್ನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು ಹೇಳಿದಳು. ಅವತ್ತು ಗಂಡ ತಾನೇ ಹೊರಟಿದ್ದ ಎಂದು. ತಡೆದವಳು ತಾನು ಎಂದು. ಎಫ್ರೇನನ ಹೆಸರು ಮೊದಲು ಬಂದದ್ದು ತನ್ನ ಬಾಯಿಂದ ಎಂದು. ಆ ಕಡೆಯಿಂದ ಒಂದು ಟೀವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

"ನಿನ್ನ ಗಂಡನನ್ನು ತಡೆದೆ" ಎಂದಳು ಮರಿಸೋಲ್. "ನಾನೂ ನನ್ನ ಗಂಡನನ್ನು ತಡೆದೆ. ನಿನ್ನವನು ಮಾತು ಕೇಳಿದ."

"ಮರಿಸೋಲ್, ಐ ಆಮ್ ಸಾರಿ. ಐ ಆಮ್ ವೆರಿ ಸಾರಿ."

"ಮೊದಲು ಅವನು ಬಂದ. ಈಗ ನೀನು. ಒಬ್ಬೊಬ್ಬರಾಗಿ ಬಂದು ನಿಮ್ಮ ನಿಮ್ಮ ಭಾರ ನನ್ನ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದೀರಿ. ನಾನು ನಂದನ್ನು ಎಲ್ಲಿ ಇಳಿಸಲಿ ರಾಜಿ? ಬೈಯೋಣ ಅಂದರೆ ಬೈಯಬಾರದವನಿಗೆ ಬೈದು ಮುಗಿಸಿದ್ದೀನಿ. ಕ್ಷಮೆ ಕೇಳೋಣ ಅಂದರೆ ಅವನಿಲ್ಲ." ಆಮೇಲೆ ಹೇಳಿದಳು, "ಇನ್ನು ಫೋನ್ ಮಾಡಬೇಡಿ. ಇಬ್ಬರೂ."

ಫೋನು ಕಟ್ಟಾಯಿತು.

ಎದುರಿನ ಕಾರಿನವರು ಸಾಮಾನು ತುಂಬಿಕೊಂಡು ಹೊರಟರು. ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಂತರು. ರಾಜಿ ಮುಂದಕ್ಕೆ ಬಗ್ಗಿ ಹಣೆಯನ್ನು ಅಂಗೈಗೆ ಒತ್ತಿಕೊಂಡಳು. ವೃಷಭೇಂದ್ರ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ ಹಿಂದೆಗೆದ, ಆಮೇಲೆ ಇಟ್ಟ.

"ಮನೀಗೆ ನಡೀರಿ" ಎಂದಳು ಅವಳು, ಮುಖ ಎತ್ತದೆ.

ಅವನು ಕಾರು ಹೊರಡಿಸಿದ. ಆ ಚಳಿಗಾಲ ಅವರು ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಆದರೆ ಐಡಾ ಬಂದ ಆ ಸಂಜೆಯ ಮಾತನ್ನು ಇಬ್ಬರೂ ಆಡತೊಡಗಿದರು. ಚಹಾ ಕುಡಿಯುವಾಗಲೋ ಬಟ್ಟೆ ಒಣಗಿಸುವಾಗಲೋ ಒಬ್ಬರು ಶುರು ಮಾಡುತ್ತಿದ್ದರು: ಆಗ ಇಷ್ಟು ಗಂಟೆಯಾಗಿತ್ತು, ನೀನು ಹೀಗೆ ಅಂದೆ, ನಾನು ಹೀಗೆ ಅಂದೆ. ಇನ್ನೊಬ್ಬರು ಕೊನೆಯವರೆಗೂ ಕೇಳುತ್ತಿದ್ದರು. ಕೇಳಿದ್ದರಿಂದ ಏನೂ ಹಗುರಾಗುತ್ತಿರಲಿಲ್ಲ.